ಮೂರನೆಯ ಹೊಲಿಗೆ ಗಿಡ್ಡ

ನಮ್ಮ ಮೋಟಾರನ್ನು ಹೊತ್ತ ಜೋಡಿದೋಣಿಯ ಜಂಗಲ್ಲು ಶರಾವತಿಯ ನಟ್ಟನಡುವೆ ಇದ್ದಾಗ ನನ್ನ ಹೆಂಡತಿ ಸುಮತಿ, ಜಂಗಲ್ಲು ನಡೆಸುವ ತಿಮ್ಮಪ್ಪನ ಸೊಂಟಕ್ಕೆ ಕೈ ಹಾಕಿದಳು.

ಮದುವೆಯಾಗಿ ಹದಿನಾರು ವರ್ಷ. ಇಂಥದೊಂದು ದೃಶ್ಯ ನನ್ನ ಹಣೆಯಲ್ಲಿ ಬರೆದಿದೆ ಎಂದು ಯಾವ ಜೋಯಿಸರೂ ಹೇಳಿರಲಿಲ್ಲ. ತಿಮ್ಮಪ್ಪನ ಎರಡೂ ಕೈಯಲ್ಲಿ ಉದ್ದನೆಯ ಗಳ. ಗಳ ಬಿಟ್ಟರೆ ಜಂಗಲ್ಲು ಸಮುದ್ರದ ದಾರಿ ಹಿಡಿಯುತ್ತದೆ, ಬಿಡದಿದ್ದರೆ ಮಾನ ಹೋಗುತ್ತದೆ. ಪಾಪ, ಆತ ಗಳ ಬಿಡಲಿಲ್ಲ, ಬಾಯಿ ಬಿಟ್ಟ.

"ಅಯ್ಯಯ್ಯೋ, ಅಕ್ಕೋರೇ! ಎಂತ ಮಾಡ್ತ್ರಿ? ಮಾಸ್ತರ್ರು ನೋಡ್ತಾ ಇದ್ರು!"

"ಅವರು ನೋಡಲಿ. ರೀ, ನಿಮ್ಮ ಭೂತಕನ್ನಡಿ ಕೊಡ್ರಿ."

ಅವಳು ಹಿಡಿದದ್ದು ಸೊಂಟವನ್ನಲ್ಲ, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆಯ ಸಂಚಿಯನ್ನು. ಹೊಚ್ಚಹೊಸ ಸಂಚಿ. ಹಸಿರು ಬಟ್ಟೆ, ಅಂಚಿಗೆ ಹಳದಿ ದಾರ. ನಾನು ಡ್ರಾಯಿಂಗ್ ಮಾಸ್ತರ, ಬಣ್ಣ ನೋಡಿದೆ. ಅವಳು ಹೊಲಿಗೆ ಟೀಚರು, ದಾರ ನೋಡಿದಳು. ಧಾರವಾಡದಲ್ಲಿ ನಮ್ಮಿಬ್ಬರ ಸಂಸಾರ ನಡೆಯುವುದೂ ಹೀಗೆಯೇ.

"ಎಣಿಸಿರಿ," ಎಂದಳು.

ಎಣಿಸಿದೆ. ಎರಡು ಹೊಲಿಗೆ ಉದ್ದ, ಒಂದು ಗಿಡ್ಡ. ಮತ್ತೆ ಎರಡು ಉದ್ದ, ಒಂದು ಗಿಡ್ಡ. ಅಂಚು ಮುಗಿಯುವವರೆಗೆ ಹಾಗೆಯೇ.

ಗುರುವಾರ ಬೆಳಕೆ ಊರಿನ ಮಾದೇವಿಯ ಜಗಲಿಯಿಂದ ಮಾಯವಾದ ಹೊಲಿಗೆ ಮಿಶನ್ನಿನ ಜಾಡು ಭಟ್ಕಳ ಪೇಟೆಯಲ್ಲಿ ಕಡಿದುಹೋಗಿತ್ತು, ಮುಂದೆ ಹೊನ್ನಾವರದಲ್ಲಿ ವಿಚಾರಿಸೋಣವೆಂದು ಅವಳನ್ನೂ ಕರೆದುಕೊಂಡು ಹೊರಟಿದ್ದೆವು. ಈಗ, ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ, ಹೊಳೆಯ ಮಧ್ಯದಲ್ಲಿ ಸಿಕ್ಕಿತು.

ಆ ಮಿಶನ್ನಿಗೆ ಒಂದು ಕುಂಟು ಉಂಟು. ಕೈಯಿಂದ ತಿರುಗಿಸುವ ಮಿಶನ್. ಹಿಡಿಕೆ ಒಂದು ಸುತ್ತು ಬಂದರೆ ಸೂಜಿ ಮೂರು ಸಲ ಇಳಿಯುತ್ತದೆ. ಹಿಡಿಕೆಯ ಹಲ್ಲುಚಕ್ರದಲ್ಲಿ ಒಂದು ಹಲ್ಲು ಮುರಿದಿರುವುದರಿಂದ ಮೂರನೆಯ ಸಲ ಎಲ್ಲವೂ ಜಗ್ಗಿದಂತಾಗಿ ಹೊಲಿಗೆ ಗಿಡ್ಡವಾಗುತ್ತದೆ. ಮನುಷ್ಯರನ್ನು ನಡಿಗೆಯಲ್ಲಿ ಗುರುತಿಸುವವರಿದ್ದಾರೆ. ನನ್ನ ಹೆಂಡತಿ ಮಿಶನ್ನನ್ನು ಗುರುತಿಸುತ್ತಾಳೆ.

"ಮಾದೇವೀ, ಬಾ ಇಲ್ಲಿ," ಎಂದು ಕೂಗಿದಳು.

ನಮ್ಮ ಮನೆಮೋಟಾರಿನ ಹಿಂಬಾಗಿಲು ತೆರೆಯಿತು. ಇದು ಯುದ್ಧಕಾಲದ ಮಿಲಿಟರಿ ಆಂಬುಲೆನ್ಸು. ಹರಾಜಿನಲ್ಲಿ ಹಿಡಿದು, ಎರಡು ಮಂಚ, ಒಂದು ಸ್ಟೋವು, ಕಿಟಕಿಗೆ ಹೂವಿನ ಪರದೆ ಹಾಕಿಸಿದ್ದೇನೆ. ಪ್ರತಿ ಬೇಸಿಗೆ ರಜೆಗೆ ಘಟ್ಟ ಇಳಿದು, ಸುಮತಿಯ ತವರು ಕರಾವಳಿಯನ್ನು ಸುತ್ತುವುದು ನಮ್ಮ ಚಟ. ಮಕ್ಕಳಿಲ್ಲದವರಿಗೆ ಇಷ್ಟಾದರೂ ಹುಚ್ಚು ಬೇಡವೇ?

ಮೊದಲು ಇಳಿದದ್ದು ಫೌಜದಾರ. ಗಾಬರಿಯಾಗಬೇಡಿ, ಅದು ನಮ್ಮ ನಾಯಿ. ಒಂದು ಕಿವಿ ಮೇಲೆ, ಒಂದು ಕೆಳಗೆ. ಮರಿಯಾಗಿದ್ದಾಗಲೇ ಹೊಸ್ತಿಲಲ್ಲಿ ಕುಳಿತು ಬಂದವರನ್ನೆಲ್ಲ ತಡೆದು ಮೂಸಿ ವಿಚಾರಣೆ ಮಾಡುತ್ತಿತ್ತು, ಅದಕ್ಕೇ ಆ ಹೆಸರು. ಅನ್ನ ಹಾಕುವವನು ನಾನು, ಮಾತು ಕೇಳುವುದು ಅವಳದ್ದು.

ಅದರ ಹಿಂದೆ ಮಾದೇವಿ ಇಳಿದಳು. ಇಪ್ಪತ್ತಾರರ ಹೆಣ್ಣು. ಮೂರು ವರ್ಷದ ಹಿಂದೆ ಗಂಡ ವೆಂಕಟ್ರಮಣ ಬೊಂಬಾಯಿಯ ಗಿರಣಿ ಸೇರಿದ. ಮೊದಲ ವರ್ಷ ಕಾಗದ ಬಂತು, ಆಮೇಲೆ ಅದೂ ಇಲ್ಲ. ಅವಳು ಧಾರವಾಡಕ್ಕೆ ಬಂದು ಸುಮತಿಯ ಕೈಕೆಳಗೆ ಹೊಲಿಗೆ ಕಲಿತು, ಮಹಿಳಾ ಮಂಡಳದ ಮಿಶನ್ ಇಟ್ಟುಕೊಂಡು ಊರಲ್ಲಿ ಏಳು ಹುಡುಗಿಯರಿಗೆ ತರಗತಿ ನಡೆಸುತ್ತಿದ್ದಾಳೆ. ಸೋಮವಾರ ಬ್ಲಾಕಿನ ಸಾಹೇಬರು ಬಂದು ಮಿಶನ್ ನೋಡುತ್ತಾರೆ ಎಂದು ಅವಳಿಗೆ ಕಾಗದ ಬಂದಿದೆ. ಮಿಶನ್ ಇಲ್ಲದಿದ್ದರೆ ತರಗತಿ ಮುಚ್ಚುತ್ತದೆ, ಮಾದೇವಿಯ ಮನೆಯ ಒಲೆಯೂ ಆರುತ್ತದೆ. ಎರಡು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ. ಸುಮತಿ ಬೈದು ತಿನ್ನಿಸಿದಷ್ಟೇ.

ಮಾದೇವಿ ಸಂಚಿಯ ಅಂಚಿನ ಮೇಲೆ ಬೆರಳು ಓಡಿಸಿದಳು. "ನನ್ನ ಮಿಶನ್ನೇ ಅಕ್ಕೋರೇ! ಇದು ಅದ್ರದ್ದೇ ಕುಂಟು!"

"ಈ ಸಂಚಿ ಎಲ್ಲಿ ಸಿಕ್ಕಿತು ತಿಮ್ಮಪ್ಪ?" ಎಂದಳು ಸುಮತಿ.

ತಿಮ್ಮಪ್ಪ ಕೊನೆಗೂ ಸಮಾಧಾನದ ಉಸಿರು ಬಿಟ್ಟ. "ಇಷ್ಟಕ್ಕಾ? ಬಾಯಲ್ಲಿ ಕೇಳಿದ್ರೆ ಆಗ್ತಿತ್ತಪ್ಪ. ಇಲ್ಲೇ ಹೊಲ್ದದ್ದು. ಈ ಜಂಗಲ್ಲಿನ ಮೇಲೆ."

"ಜಂಗಲ್ಲಿನ ಮೇಲೆ?"

"ಹೌದ್ರಾ. ನಿನ್ನೆ ಸಂಜೆಮುಂದೆ ಭಟ್ಕಳದ ಕಡೆಯಿಂದ ಮದುವೆ ಜನ ಬಂತು. ಹಂಡೆ, ಕೊಳಗ, ಗ್ಯಾಸ್‌ಲೈಟು, ಚಾಪೆ, ಎಲ್ಲಾ ಹೇರ್ಕಂಡು. ಹಂಡೆ ಕವುಚಿ ಹಾಕಿ, ಅದ್ರ ಮೇಲೆ ಮಿಶನ್ ಇಟ್ಟು, ಒಂದು ಹರೆಯದ ಕೂಸು ಕುಪ್ಪಸ ಹೊಲೀತಾ ಇತ್ತು. ನಡು ಹೊಳೆಲಿ! ಹುಟ್ಟಿದಾಗಿಂದ ಇಂಥದ್ದು ಕಂಡಿದ್ದಿಲ್ಲ. ನಂಗೂ ಒಂದು ಸಂಚಿ ಹೊಲ್ದ್ ಕೊಡಿ ಅಂದೆ. ದಡ ಮುಟ್ಟೂದ್ರೊಳಗೆ ಕೊಟ್ರು."

ಇದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಕದ್ದ ಮಾಲನ್ನು ಗುಡ್ಡದಲ್ಲಿ ಅಡಗಿಸಿಡುವ ಕಳ್ಳರ ಸುದ್ದಿ ಕೇಳಿದ್ದೇನೆ. ಹೊಳೆಯ ಮಧ್ಯೆ, ಊರವರೆಲ್ಲ ನೋಡುವಂತೆ, ಅದರಲ್ಲಿ ಹೊಲಿಯುತ್ತ ಹೋಗುವ ಕಳ್ಳರ ಸುದ್ದಿ ಮೊದಲ ಸಲ ಕೇಳಿದೆ.

"ಮಿಶನ್ ಯಾರ ಹತ್ತಿರ ಇತ್ತು?" ಸುಮತಿ ನಗಲಿಲ್ಲ.

"ಖಾಕಿ ಅಂಗಿಯವ ಒಬ್ಬ. ಅಲುಗಾಡದ ಹಾಗೆ ಎರಡೂ ಕೈಲಿ ಹಿಡ್ಕಂಡು ಕೂತಿದ್ದ. ದಡಕ್ಕೆ ಬಂದದ್ದೇ ಸಿಂಬಿ ಇಟ್ಟು ತಲೆ ಮೇಲೆ ಹೊತ್ಕಂಡು ನಡೆದ."

"ಸಿಂಬಿ ಹ್ಯಾಂಗಿತ್ತು?" ಎಂದು ಕೇಳಿದವಳು ಮಾದೇವಿ.

"ಬಟ್ಟೆದು. ನೀಲಿ ಬಿಳಿ ಚೌಕಳಿ."

"ನನ್ನ ಹಳೇ ಸೀರೇದು ಅದು! ಒಳಕೋಣೆ ಬಾಗಿಲ ಹಿಂದೆ ಮೊಳೆಗೆ ತೂಗಿ ಹಾಕಿದ್ದೆ."

ಸುಮತಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇನ್ನು ನಾನು ಏನು ಹೇಳಿದರೂ ಸೋಲು ನನ್ನದೇ ಎಂದು ಅದರ ಅರ್ಥ.

"ಕಳ್ಳ ಜಗಲಿಯಿಂದ ಮಿಶನ್ ಎತ್ತಿಕೊಂಡು ಓಡ್ತಾನ," ಎಂದಳು. "ಒಳಕೋಣೆಗೆ ಹೋಗಿ, ಬಾಗಿಲು ಸರಿಸಿ, ಮೊಳೆಯಿಂದ ಸಿಂಬಿ ತಗೊಳ್ಳೂದಿಲ್ಲ. ತಲೆಗೆ ನೋವಾದೀತು ಅಂತ ಯೋಚನೆ ಮಾಡೂದೂ ಇಲ್ಲ. ಇವನಿಗೆ ಆ ಮನೆಯ ಒಳಗು ಗೊತ್ತದ."

"ದರ್ಜಿ ಗಣಪನಿಗೆ ಗೊತ್ತಿರಬಹುದಲ್ಲ?" ಎಂದೆ ನಾನು.

ಗಣಪ ಭಟ್ಕಳ ಪೇಟೆಯ ದರ್ಜಿ. ಮಾದೇವಿಯ ತರಗತಿ ಶುರುವಾದ ಮೇಲೆ ಹೆಂಗಸರ ಕುಪ್ಪಸಗಳು ಅವನ ಅಂಗಡಿಗೆ ಬರುವುದು ಕಡಿಮೆಯಾಯಿತು. ಆ ಮಿಶನ್ನನ್ನು ಒಂದು ದಿನ ಸಮುದ್ರಕ್ಕೆ ಒಗೆಯುತ್ತೇನೆ ಎಂದು ಸಂತೆಯಲ್ಲಿ ನಿಂತು ಕೂಗಿದ್ದ. ಗುರುವಾರ ಮಧ್ಯಾಹ್ನ ಬೆಳಕೆಯಲ್ಲಿ ಅವನನ್ನು ಕಂಡವರೂ ಇದ್ದರು. ಮಂಡಳದ ಅಧ್ಯಕ್ಷೆ ದೂರು ಕೊಟ್ಟರು, ಪೊಲೀಸರು ಅವತ್ತು ಸಂಜೆಯೇ ಒಳಗೆ ಹಾಕಿದರು. ಅಂದಿನಿಂದ ಗಣಪ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಸುಮ್ಮನೆ ಕೂತಿದ್ದಾನೆ.

ಕಳ್ಳ ಅವನೇ ಎಂದು ನನ್ನ ಪಂಥ. ಅಲ್ಲವೆಂದು ಸುಮತಿಯ ಪಂಥ. ಸೋತರೆ ರಜೆ ಮುಗಿಯುವವರೆಗೆ ಮೋಟಾರಿನ ಪಾತ್ರೆ ತೊಳೆಯುವುದು ನನ್ನ ಪಾಲಿಗೆ.

"ಗಣಪ ಗುರುವಾರ ಸಂಜೆಯಿಂದ ಲಾಕಪ್ಪಿನಲ್ಲಿದ್ದಾನ," ಎಂದಳು ಅವಳು. "ಶುಕ್ರವಾರ ಜಂಗಲ್ಲಿನ ಮೇಲೆ ಖಾಕಿ ಅಂಗಿ ಹಾಕಿಕೊಂಡು ಹ್ಯಾಂಗ ಕೂಡ್ತಾನ? ಬೂದಿ, ನಾರು ರೆಡಿ ಇಟ್ಟುಕೊಳ್ರಿ. ತಿಮ್ಮಪ್ಪ, ಆ ಜನ ಯಾವ ಊರಿಗೆ ಹೋದ್ರು?"

"ಕುಮಟೆಗೆ. ಮಾಸ್ತಮ್ಮನ ಮನೆಗೆ. ನಾಳೆ ಅವ್ರ ಮೊಮ್ಮಗಳ ಮದುವೆ. ಹೋದ್ರೆ ಊಟ ಮಾಡ್ಕಂಡೇ ಬರ್ಬೇಕು ಮತ್ತೆ, ಮಾಸ್ತಮ್ಮ ಸುಮ್ನೆ ಬಿಡೂದಿಲ್ಲ."

ಹೊನ್ನಾವರದ ದಡದಲ್ಲಿ ಮೋಟಾರು ಹಟ ಹಿಡಿಯಿತು. ಹ್ಯಾಂಡಲು ಹಾಕಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ಮೀನಿನ ಬುಟ್ಟಿ ಇಳಿಸಿದ ನಾಲ್ಕು ಹೆಂಗಸರು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೇ ದೂಕಿಗೆ ಏರು ಹತ್ತಿಸಿದರು. ಕೂಲಿಯಾಗಿ ಒಳಗೆ ಇಣುಕಿ ನೋಡಿದರು.

"ಹೋಯ್, ಒಳಗೆ ಮಂಚ ಅದೆ!" ಎಂದಳು ಒಬ್ಬಳು.

"ಒಲೆನೂ ಅದೆ. ಅತ್ತೆ ಒಬ್ಬಳು ಇಲ್ಲ," ಎಂದಳು ಇನ್ನೊಬ್ಬಳು. "ಅಕ್ಕೋರೇ, ನೀವು ಪುಣ್ಯವಂತ್ರು."

ಆ ಗಲಾಟೆಯಲ್ಲಿ ಫೌಜದಾರ ಒಂದು ಬಂಗಡೆ ಮೀನು ಎಗರಿಸಿತು. ಕಳ್ಳನನ್ನು ಹಿಡಿಯಲು ಹೊರಟವರ ನಾಯಿಯೇ ಕಳ್ಳತನ ಮಾಡಿದರೆ ಯಾರಿಗೆ ಹೇಳುವುದು? ಬುಟ್ಟಿಯವಳು ನಕ್ಕು, ಇನ್ನೊಂದನ್ನು ಅವಳೇ ಹಾಕಿದಳು.

ಕುಮಟೆ ಮುಟ್ಟುವವರೆಗೆ ಮಾದೇವಿ ಒಂದೇ ಪ್ರಶ್ನೆ ಕೇಳಿದಳು. "ಅಕ್ಕೋರೇ, ಮಿಶನ್ ಸಿಕ್ಕಿದ್ರೆ ಇವತ್ತೇ ತಿರುಗಿ ಹೋಗ್ಲಕ್ಕಲ್ಲ? ಸೋಮವಾರಕ್ಕೆ ಒರೆಸಿ, ಎಣ್ಣೆ ಬಿಟ್ಟು ಇಡ್ಬೇಕು."

"ಹೋಗೋಣ," ಎಂದಳು ಸುಮತಿ. ಅಷ್ಟು ಹೊತ್ತೂ ಅವಳು ಮಾದೇವಿಯ ಕೈ ಹಿಡಿದುಕೊಂಡಿದ್ದಳು.

ಮಾಸ್ತಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತೆಂಗಿನ ಹಸಿ ಮಡಲಿನ ಚಪ್ಪರ ದೂರದಿಂದಲೇ ಕಂಡಿತು. ನಮ್ಮ ಮೋಟಾರು ಅಂಗಳಕ್ಕೆ ಬಂದದ್ದೇ ತಡ, ಇಡೀ ಮದುವೆಮನೆ ಹೊರಗೆ ಬಂತು. ಮದುಮಗಳನ್ನು ಕಳಿಸಲು ಯಾರೋ ಬಾಡಿಗೆಗೆ ತರಿಸಿದ್ದಾರೆ ಎಂದುಕೊಂಡರಂತೆ. ಹೂವಿನ ಪರದೆ ನೋಡಿ ಒಬ್ಬ ಮುದುಕ ಕಣ್ಣೊರೆಸಿಕೊಂಡ.

ನಾವು ಯಾರು, ಯಾಕೆ ಬಂದೆವು ಎಂದು ಒಬ್ಬರೂ ಕೇಳಲಿಲ್ಲ. ಕೈಗೆ ಬೆಲ್ಲ, ನೀರು ಬಂತು. ಹೆಂಗಸರಿಗೆ ಹೂವು ಬಂತು. ಅಡುಗೆಯ ಕಡೆಗೆ ಮೂಗು ತಿರುಗಿಸಿದ್ದ ಫೌಜದಾರನನ್ನು ಸುಮತಿ ಹಗ್ಗ ಹಾಕಿ ಹಿಡಿದುಕೊಂಡಳು.

ಮಾಸ್ತಮ್ಮ ಜಗಲಿಯ ಮೇಲೆ ಕುಪ್ಪಸದ ರಾಶಿಯ ಮಧ್ಯೆ ಕೂತಿದ್ದಳು. ಭಾರಿ ಆಳು, ಮೂಗಿನಲ್ಲಿ ದೊಡ್ಡ ನತ್ತು, ಬಾಯಿ ತುಂಬ ಎಲೆಅಡಿಕೆಯ ಕವಳ.

"ಬನ್ನಿ, ಬನ್ನಿ. ಗಂಡಿನ ಕಡೆಯೋರಾ, ನಮ್ಮ ಕಡೆಯೋರಾ?"

"ಯಾವ ಕಡೆಯವರೂ ಅಲ್ಲ," ಎಂದು ಸುಮತಿ ಎದುರಿಗೇ ಕೂತಳು. "ಈ ಕುಪ್ಪಸ ಹೊಲಿದ ಮಿಶನ್ ಯಾರದ್ದು ಅಂತ ಕೇಳಲಿಕ್ಕೆ ಬಂದೆವು."

"ನಮ್ಮದೇ."

"ನಿಮ್ಮದೇ ಅಂದ್ರೆ? ದುಡ್ಡು ಕೊಟ್ಟು ತಂದದ್ದೇ?"

ಮಾಸ್ತಮ್ಮ ಕವಳ ಉಗುಳಿ ಬಂದಳು. "ದುಡ್ಡೆಂತಕ್ಕೆ? ನಮ್ಮನೆಲಿ ಇದ್ದ ಮೇಲೆ ನಮ್ಮದೇ. ಆ ಹಂಡೆ ಹೊನ್ನಾವರದ್ದು. ಗ್ಯಾಸ್‌ಲೈಟು ಭಟ್ಕಳದ್ದು. ಚಾಪೆ ಯಾರದ್ದೋ ದೇವ್ರಿಗೇ ಗೊತ್ತು. ನಿನ್ನೆ ಬೆಳಿಗ್ಗೆ ಭಟ್ಕಳದಲ್ಲಿ ನನ್ನ ತಂಗಿ ಮಗನ ಮದುವೆ ಆತು, ಸಾಮಾನೆಲ್ಲ ಇಲ್ಲಿಗೆ ಬಂತು. ನಾಳೆ ಇಲ್ಲಿ ಮುಗೀತದೆ, ಮುಂದಿನ ಮದುವೆಮನೆಯೋರು ಹೇರ್ಕಂಡು ಹೋಗ್ತ್ರು. ಮಳೆ ಹಿಡಿದ ಮೇಲೆ ಎಲ್ಲಾ ಅವರವರ ಮನೆ ಸೇರ್ತದೆ. ನಮ್ಮಲ್ಲಿ ಅಜ್ಜನ ಕಾಲದಿಂದ ಹೀಂಗೇ."

ಇದು ನಿಜ. ಈ ಕಡೆ ಒಂದು ಹಂಡೆ ಒಂದು ಬೇಸಿಗೆಯಲ್ಲಿ ಹತ್ತು ಮದುವೆ ಉಂಡು ಬರುತ್ತದೆ. ಅದು ಈಗ ಎಲ್ಲಿದೆ ಎಂದು ಒಡೆಯನನ್ನು ಕೇಳಿದರೆ, ಯಾವುದೋ ಮದುವೆಯಲ್ಲಿ ಎನ್ನುತ್ತಾನೆ. ಕದ್ದರು ಎಂಬ ಮಾತು ಅವನ ಬಾಯಿಗೆ ಬರುವುದೇ ಇಲ್ಲ.

"ಹಂಡೆಗೆ ಸರಿ," ಎಂದಳು ಸುಮತಿ. "ಮಿಶನ್ನಿಗೂ ಅದೇ ಪದ್ಧತಿಯೇ?"

"ಯಾಕೆ? ಮಿಶನ್ನು ಮದುವೆಗೆ ಬರ್ಬಾರ್ದು ಅಂತ ಎಲ್ಲಾದ್ರೂ ಬರೆದದೆಯಾ?"

ಸುತ್ತಲಿನ ಹೆಂಗಸರು ನಕ್ಕರು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಮಾದೇವಿ ಬಾಯಿ ತೆಗೆದಳು. ಅವಳಿಗೆ ಅಷ್ಟು ಗಟ್ಟಿ ದನಿ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು.

"ನಗೂದು ಎಂತಕ್ಕೆ? ಆ ಮಿಶನ್ ನಂದು! ಹೇಳದೆ ಕೇಳದೆ ತಂದ್ರು. ಮೂರು ದಿನ ಆತು, ಹುಡುಕಿ ಹುಡುಕಿ ಸಾಯ್ತಾ ಇದ್ದೆ. ಸೋಮವಾರ ಅದು ಇಲ್ದಿದ್ರೆ ನಾನೇ ಮಾರಿ ತಿಂದೆ ಅಂತ ಊರೇ ಹೇಳ್ತದೆ. ನಿಮ್ಮ ಮೊಮ್ಮಗಳ ಕುಪ್ಪಸಕ್ಕೆ ನನ್ನ ಅನ್ನ ಕಿತ್ಕಂಡ್ರಿ ನೀವು! ಇದು ಕಳ್ಳತನ ಅಲ್ದೆ ಮತ್ತೆಂತದು?"

ನಗುತ್ತಿದ್ದವರು ತಲೆ ತಗ್ಗಿಸಿ ಕುಪ್ಪಸ ಮಡಚತೊಡಗಿದರು. ಮದುವೆಮನೆಯಲ್ಲಿ, ಚಪ್ಪರದ ಕೆಳಗೆ, ಆ ಶಬ್ದ ಬರಬಾರದು. ಮಾಸ್ತಮ್ಮನ ಮುಖ ಕೆಂಪಾಯಿತು, ಆಮೇಲೆ ಸಣ್ಣದಾಯಿತು. ದೊಡ್ಡಸ್ತಿಕೆಯೆಲ್ಲ ಇಳಿದು ಅಲ್ಲಿ ಬರೀ ಒಬ್ಬ ಮುದುಕಿ ಕೂತಿದ್ದಳು.

"ನಿನ್ನನ್ನ ಕೇಳ್ಲಿಲ್ವಾ ಮಗಾ?" ಎಂದಳು ಮೆಲ್ಲಗೆ. "ದೇವ್ರಾಣೆ, ಕೇಳೇ ತಂದದ್ದು ಅಂತ ನಾನು ತಿಳ್ಕಂಡೆ. ತಗೊಂಡು ಹೋಗು. ಈಗ್ಲೇ ತಗೊಂಡು ಹೋಗು. ಮೊಮ್ಮಗಳು ಹಳೇ ಕುಪ್ಪಸ ಹಾಕ್ಕಂಡೇ ಹಸೆಗೆ ಕೂರ್ತದೆ."

ಒಳಗಿನಿಂದ ಮಿಶನ್ ತರಿಸಿದಳು. ಅಡಿಹಲಗೆಯ ಮೇಲೆ ಬಿಳಿ ಬಣ್ಣದ ಅಕ್ಷರ: ಬೆಳಕೆ ಮಹಿಳಾ ಮಂಡಳ. ಹೋದ ಬೇಸಿಗೆಯಲ್ಲಿ ನಾನೇ ಬರೆದದ್ದು, 'ಳ'ದ ಬಾಲ ಸ್ವಲ್ಪ ಉದ್ದವಾಗಿತ್ತು. ಸಂಶಯವೇ ಇಲ್ಲ. ಮಾದೇವಿ ಕೂತು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಮಾಸ್ತಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಸುಮತಿ ಮಾತ್ರ ಕುಪ್ಪಸದ ರಾಶಿಯಲ್ಲಿ ತಲೆ ಹುದುಗಿಸಿದ್ದಳು.

"ರೀ, ಈ ಕುಪ್ಪಸ ಯಾವಾಗ ಹೊಲಿದದ್ದು ಅಂತ ಕೇಳ್ರಿ."

"ಇವತ್ತು ಬೆಳಿಗ್ಗೆ," ಎಂದಳು ಮಾಸ್ತಮ್ಮ.

"ಎಣಿಸಿರಿ."

ಎಣಿಸಿದೆ. ಉದ್ದ, ಉದ್ದ, ಉದ್ದ. ಮತ್ತೆ ಉದ್ದ, ಉದ್ದ, ಉದ್ದ. ತೋಳಿನ ಸುತ್ತ ಭೂತಕನ್ನಡಿ ಓಡಿಸಿದೆ. ಗಿಡ್ಡ ಹೊಲಿಗೆ ಒಂದೂ ಇಲ್ಲ.

ಮಾದೇವಿ ಒಂದು ಚಿಂದಿ ಇಟ್ಟು ಹಿಡಿಕೆ ತಿರುಗಿಸಿದಳು. ಕಟಕ್ ಎಂಬ ಆ ಹಳೆಯ ಶಬ್ದವಿಲ್ಲ. ಮಿಶನ್ ಸರಾಗವಾಗಿ ಓಡಿತು. ಅವಳು ಹಾವು ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದಳು.

ನಾನು ಹಿಡಿಕೆಯ ಮುಚ್ಚಳ ಬಿಚ್ಚಿದೆ. ಮುರಿದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕೂತಿತ್ತು. ಹಿತ್ತಾಳೆಯದು. ಚಕ್ರದಲ್ಲಿ ಸಣ್ಣ ಕಚ್ಚು ಕೊರೆದು, ತುಂಡು ಕೂರಿಸಿ, ಅರದಿಂದ ಉಜ್ಜಿ ಅಕ್ಕಪಕ್ಕದ ಹಲ್ಲಿನ ಅಳತೆಗೆ ತಂದಿದ್ದರು. ಬೆರಳು ಆಡಿಸಿದರೆ ಸಂದು ತಿಳಿಯುತ್ತಿರಲಿಲ್ಲ. ಧಾರವಾಡದಲ್ಲಿ ಇಂಥ ಕೆಲಸ ಮಾಡುವವರನ್ನು ನಾನು ನೋಡಿಲ್ಲ.

"ಕಳ್ಳ ಕದಿಯುತ್ತಾನೆ, ಮಾರುತ್ತಾನೆ," ಎಂದೆ. "ರಿಪೇರಿ ಮಾಡುವ ಕಳ್ಳ ಯಾವನು ಮಾರಾಯ್ತಿ?"

ಸುಮತಿ ಮಾಸ್ತಮ್ಮನ ಕಡೆ ತಿರುಗಿದಳು. "ಇದನ್ನು ಸರಿ ಮಾಡಿದವರು ಯಾರು?"

"ತಂದವನೇ. ಬೆಳಿಗ್ಗೆ ಬಾವಿಕಟ್ಟೆ ಮೇಲೆ ಕೂತು ಎರಡು ತಾಸು ಅರ ಉಜ್ಜಿದ. ನಮ್ಮ ಮುರುಕು ಗಿಂಡಿಯಿಂದ ಒಂದು ತುಂಡು ಕೇಳಿ ಇಸ್ಕಂಡ."

"ಖಾಕಿ ಅಂಗಿಯವನೇ? ನಿಮಗೆ ಹ್ಯಾಂಗ ಗುರುತು?"

"ನಮ್ಮ ದರ್ಜಿ ಗಣಪನೇ ಕಳ್ಸಿದ್ದು. ನಮ್ಮ ಎರಡೂ ಮನೆ ಬಟ್ಟೆ ಅವನ ಹತ್ರ ಇತ್ತು. ಗುರುವಾರ ಮಧ್ಯಾಹ್ನ ಈ ಮನಷ್ಯಾನ್ನ ತಂಗಿ ಮನೆಗೆ ಕರ್ಕೊಂಡು ಬಂದು, ನಂಗೆ ಕೈತುಂಬ ಕೆಲಸ, ಇವನ ಹತ್ರ ಮಿಶನ್ ಅದೆ, ಮದುವೆ ಮುಗೀವರೆಗೂ ನಿಮ್ಮ ಜೊತೆ ಇರ್ತ, ಅಂದ್ನಂತೆ. ಸಂಜೆಗೆ ಗಣಪನ್ನೇ ಪೊಲೀಸ್ರು ಎತ್ಕಂಡು ಹೋದ್ರು. ದರ್ಜಿನೇ ಲಾಕಪ್ಪಿನಲ್ಲಿ ಇದ್ರೆ ಕುಪ್ಪಸ ಹೊಲಿಯೋರು ಯಾರು? ಅದ್ಕೇ ನಮ್ಮ ಕೂಸು ಜಂಗಲ್ಲಿನ ಮೇಲೆ ಸಹಾ ಬಿಡದೆ ಹೊಲ್ದದ್ದು."

ನಾನು ಸುಮತಿಯನ್ನು ನೋಡಿದೆ. ಗಣಪನಿಗೆ ಸಂಬಂಧ ಇದೆ ಎಂದಾಯಿತಲ್ಲ! ಪಂಥ ಅರ್ಧವಾದರೂ ನನ್ನದೇ. ಆದರೆ ತನ್ನ ಹೊಟ್ಟೆಯ ಮೇಲೆ ಹೊಡೆದ ಮಿಶನ್ನಿಗೆ ಗಣಪ ಯಾಕೆ ಗಿರಾಕಿ ಹುಡುಕಿಕೊಟ್ಟ? ಈ ಮನುಷ್ಯನ ಹೆಸರು ಹೇಳಿದರೆ ಬಿಡುಗಡೆಯಾಗುವುದಿತ್ತು. ಹೇಳದೆ ಲಾಕಪ್ಪಿನಲ್ಲಿ ಯಾಕೆ ಕೂತಿದ್ದಾನೆ?

"ಅವನ ಹೆಸರು?" ಎಂದಳು ಸುಮತಿ.

"ಕೇಳ್ಲಿಲ್ಲ. ಮದುವೆಗೆ ಕೈ ಹಾಕಿದವನ ಹೆಸ್ರು, ಕುಲ ಕೇಳೂದು ನಮ್ಮಲ್ಲಿ ಇಲ್ಲ. ಒಳ್ಳೇ ಮನಷ್ಯಾ. ಮಾತು ಕಮ್ಮಿ. ದುಡ್ಡು ಬೇಡ ಅಂದ, ಊಟ ಸಾಕು ಅಂದ. ಮತ್ತೆ ಒಂದೇ ಮಾತು ಹೇಳಿದ್ದು, ಸೋಮವಾರ ಬೆಳಿಗ್ಗೆ ಸಾಹೇಬ್ರು ಬರೂದ್ರೊಳಗೆ ಮಿಶನ್ ಬೆಳಕೆ ಮುಟ್ಟಿಸ್ಬೇಕು ಅಂತ."

ಸುಮತಿ ಎದ್ದು ನಿಂತಳು. "ಸಾಹೇಬರು ಸೋಮವಾರ ಬರುವುದು ಅವನಿಗೆ ಹ್ಯಾಂಗ ಗೊತ್ತು? ಮಾದೇವೀ, ಸಾಹೇಬರ ಆ ಕಾಗದ ಎಲ್ಲಿಟ್ಟಿದ್ದಿ?"

"ಒಳಗೆ, ಕನ್ನಡಿ ಹಿಂದೆ ಸಿಕ್ಸಿಟ್ಟಿದ್ದೆ. ಯಾರಿಗೂ ತೋರ್ಸಿದ್ದಿಲ್ಲ."

"ಬಾಗಿಲ ಹಿಂದಿನ ಸಿಂಬಿ. ಕನ್ನಡಿ ಹಿಂದಿನ ಕಾಗದ." ಸುಮತಿ ತನ್ನಷ್ಟಕ್ಕೇ ಹೇಳಿಕೊಂಡಳು. "ಮಾಸ್ತಮ್ಮ, ಆ ಮನುಷ್ಯ ಈಗ ಎಲ್ಲಿದ್ದಾನ?"

"ಹಿತ್ತಲ ಜಗಲಿಲಿ ಊಟಕ್ಕೆ ಕೂರ್ಸಿದ್ದೆ. ನೀವು ಬಂದಾಗ ಬಡಿಸ್ತಾ ಇದ್ವಿ."

ನಾವೆಲ್ಲ ಹಿಂದಕ್ಕೆ ಓಡಿದೆವು. ಮುಂದೆ ಫೌಜದಾರ, ಹಗ್ಗದ ತುದಿಯಲ್ಲಿ ಸುಮತಿ, ಹಿಂದೆ ಮಾದೇವಿ, ನಾನು, ಕೊನೆಗೆ ಏದುಸಿರು ಬಿಡುತ್ತ ಮಾಸ್ತಮ್ಮ.

ಹಿತ್ತಲ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಂದು ಮಣೆ, ಅದರ ಮುಂದೆ ಒಂದು ಬಾಳೆಎಲೆ. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಅರ್ಧ ಉಂಡಿದ್ದ, ಅರ್ಧ ಕಲಸಿಟ್ಟಿದ್ದ. ನೀರಿನ ಲೋಟ ಉರುಳಿತ್ತು. ಅಂಗಳದಾಚೆ ಬೇಲಿಯ ತಡಮೆ ತೆರೆದೇ ಇತ್ತು.

"ಅನ್ನ ಬಿಟ್ಟು ಎದ್ದನಾ?" ಮಾಸ್ತಮ್ಮನಿಗೆ ಅದೇ ದೊಡ್ಡ ಆಘಾತ. "ಬಡಿಸಿದ್ದು ಈಗ ಮಾರಾಯ್ರೇ! ಆಗ ಈ ಮಗು ಜಗಲಿಲಿ ಕೂಗ್ತಲ್ಲ, ಅದೇ ಹೊತ್ತಿಗೆ ಒಳಗಿಂದ ಸಾರು ತಂದು ಹಾಕಿದ್ರು."

"ಅಂದರೆ ಈ ಕೂಗು ಕೇಳಿಯೇ ಎದ್ದಿದ್ದಾನ," ಎಂದಳು ಸುಮತಿ.

ನಾನು ತಡಮೆಯ ಕಡೆ ನೋಡುತ್ತಿದ್ದೆ. ಮಾದೇವಿ ಎಲೆಯನ್ನು ನೋಡುತ್ತಿದ್ದಳು. ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎಲೆಯ ತುದಿಯಲ್ಲಿ, ಸಾರಿನಿಂದ ಹೆಕ್ಕಿದ ಕರಿಬೇವಿನ ಎಸಳುಗಳು. ಬಿಸಾಕಿದ ಹಾಗಿಲ್ಲ. ಒಂದರ ಪಕ್ಕ ಒಂದು, ತುದಿ ಎಲ್ಲ ಒಂದೇ ಕಡೆ, ಸಾಲಾಗಿ ಇಟ್ಟಿದ್ದ. ಐದು ಇದ್ದವು.

"ಹೀಂಗೇ ಇಡ್ತ್ರು," ಎಂದಳು. ದನಿ ಯಾರದ್ದೋ ಆಗಿತ್ತು. "ತಿನ್ನೂದಿಲ್ಲ, ಬಿಸಾಡೂದೂ ಇಲ್ಲ. ಸಾಲು ಮಾಡಿ ಇಡ್ತ್ರು. ಎಷ್ಟು ಸಲ ಬೈದಿದ್ದೆ."

"ಯಾರು?" ಎಂದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಮಾದೇವಿ ಹೆಸರು ಹೇಳಲಿಲ್ಲ. ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಂದ ಆಡಿದವಳಲ್ಲ. ಸುಮತಿಯೇ ಮೆಲ್ಲಗೆ ಹೇಳಿದಳು.

"ವೆಂಕಟ್ರಮಣ."

ಮಾಸ್ತಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ನಿನ್ನ ಗಂಡನಾ ಮಗಾ? ಅಯ್ಯೋ, ಹೆಂಡ್ತಿ ದನಿ ಕೇಳಿ ಅನ್ನ ಬಿಟ್ಟು ಓಡೂದು ಎಂತಕ್ಕೆ?"

ಎರಡು ವರ್ಷ ಒಂದು ಸಾಲು ಕಾಗದ ಹಾಕದವನು, ಹೆಂಡತಿ ಇಲ್ಲದ ಹೊತ್ತು ನೋಡಿ ಮನೆಗೆ ಬಂದ. ಅವಳ ಮಿಶನ್ ಹೊತ್ತು ಮೂರು ಊರು ತಿರುಗಿದ. ಅದರ ಕುಂಟು ಸರಿ ಮಾಡಿದ. ಅವಳ ದನಿ ಕೇಳಿದ್ದೇ ಬಿಸಿ ಅನ್ನ ಬಿಟ್ಟು ತಡಮೆ ದಾಟಿದ. ಇನ್ನೊಂದು ಕಡೆ, ಅವನ ಹೆಸರು ಹೇಳಲಾರದೆ ಭಟ್ಕಳದಲ್ಲಿ ಒಬ್ಬ ದರ್ಜಿ ಲಾಕಪ್ಪಿನ ಗೋಡೆ ನೋಡುತ್ತ ಕೂತಿದ್ದಾನೆ.

ನಾನು ಮಾದೇವಿಯ ಹತ್ತಿರ ಬಗ್ಗಿದೆ. "ಮಾದೇವೀ, ಹೇಗೂ ಮಿಶನ್ ಸಿಕ್ಕಿತಲ್ಲ. ಮೋಟಾರಿಗೆ ಏರಿಸೋಣ. ಈಗ ಹೊರಟರೆ ಸಂಜೆಯೊಳಗೆ ಬೆಳಕೆ. ಸೋಮವಾರದ್ದು ಮೊದಲು ಮುಗಿಯಲಿ, ಉಳಿದದ್ದು ಆಮೇಲೆ ನೋಡೋಣ."

ಅವಳು ಎದ್ದಳು. ಅಳುತ್ತಾಳೆ ಎಂದುಕೊಂಡು ಸುಮತಿ ಹತ್ತಿರ ಸರಿದಳು. ಮಾದೇವಿ ಅಳಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಮುಖದಲ್ಲಿ ಇದ್ದದ್ದು ಸಿಟ್ಟು. ಮೂರು ವರ್ಷ ಕೂಡಿಟ್ಟ, ಒಳ್ಳೆ ಗಟ್ಟಿ ಸಿಟ್ಟು.

"ಮಿಶನ್ ಇಲ್ಲೇ ಇರ್ಲಿ ಮಾಸ್ತರ್ರೇ. ಕೂಸಿನ ಕುಪ್ಪಸ ಮುಗೀಲಿ," ಎಂದಳು.

ಆಮೇಲೆ ತೆರೆದಿದ್ದ ತಡಮೆಯ ಕಡೆ ಕೈ ತೋರಿಸಿದಳು.

"ಅಕ್ಕೋರೇ, ನಾಯಿ ಬಿಡಿ."